ಪೊಸಡಿಗುಂಪೆಯ ಏರಿನಲ್ಲಿ ಸೋಲುವ ಕಾಲು

ನನ್ನ ಎಡಗಾಲಿನ ನೋವು ಒಂದು ಥರಾ ವಿಚಿತ್ರ. ನಡೆದರೆ ಇಲ್ಲ. ಮೆಟ್ಟಿಲು ಹತ್ತಿದರೆ ಇಲ್ಲ. ಅರ್ಧ ದಿನ ತೋಟದಲ್ಲಿ ಬಗ್ಗಿ ಅಡಿಕೆ ಹೆಕ್ಕಿದರೂ ಇಲ್ಲ. ಬದಿಯಡ್ಕದಿಂದ ಪೆರ್ಲದವರೆಗೆ ನಿಧಾನಕ್ಕೆ ಸೈಕಲ್ ತುಳಿದರೂ ಇಲ್ಲ. ಏರಿನಲ್ಲಿ ಮೈಯ ಬಲವನ್ನೆಲ್ಲ ಹಾಕಿ ತುಳಿದಾಗ ಮಾತ್ರ ಅದು ಬರುತ್ತದೆ. ಮೊದಲು ತೊಡೆ ಬಿಗಿಯುತ್ತದೆ. ಆಮೇಲೆ ಉರಿ. ಉರಿ ಮೀನಖಂಡಕ್ಕೆ ಇಳಿದು ಪಾದ ಜೋಮು ಹಿಡಿಯುತ್ತದೆ. ಬಲಗಾಲು ಇನ್ನೂ ತುಳಿಯಲು ತಯಾರಿರುತ್ತದೆ, ಎಡಗಾಲಿನಲ್ಲಿ ಏನೂ ಉಳಿದಿರುವುದಿಲ್ಲ. ಇಳಿದು ಎರಡು ಮೂರು ನಿಮಿಷ ನಿಂತರೆ ಎಲ್ಲವೂ ಸರಿ.

ಇದಕ್ಕೆ ಆಪರೇಶನ್ ಮಾಡಿಸಬೇಕೇ ಬೇಡವೇ ಎಂದು ನಾನು ತುಂಬಾ ದಿನ ಒದ್ದಾಡಿದೆ. ಆಗ ಕನ್ನಡದಲ್ಲಿ ಇದರ ಬಗ್ಗೆ ಓದಲು ಏನೂ ಸಿಗಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಅನುದಾನಿತ ಕನ್ನಡ ಶಾಲೆಯಲ್ಲಿ ಗಣಿತದ ಟೀಚರ್. ವಯಸ್ಸು ನಲವತ್ತರ ಹತ್ತಿರ. ಕಾಲೇಜಿನಲ್ಲಿದ್ದಾಗ ಕಣ್ಣೂರು ವಿಶ್ವವಿದ್ಯಾಲಯದ ಮಟ್ಟದಲ್ಲಿ ಸೈಕಲ್ ರೇಸಿಗೆ ಇಳಿದಿದ್ದೆ. ಮದುವೆ ಆದ ಮೇಲೂ, ಮಕ್ಕಳಾದ ಮೇಲೂ ಸೈಕಲ್ ಬಿಡಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಹೊರಟು ಶಾಲೆಯ ಗಂಟೆಗೆ ಮೊದಲು ವಾಪಸ್. ಮಳೆಗಾಲದಲ್ಲಿ ಜಗಲಿಯಲ್ಲಿ ಟ್ರೈನರಿಗೆ, ಅಂದರೆ ನಿಂತಲ್ಲೇ ತುಳಿಯುವ ಸ್ಟ್ಯಾಂಡಿಗೆ, ಸೈಕಲ್ ಸಿಕ್ಕಿಸಿ ತುಳಿಯುವುದು. ಈಚಿನ ವರ್ಷಗಳಲ್ಲಿ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಹಿಡಿದಿದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 300ನ್ನು 20 ಗಂಟೆಯಲ್ಲಿ, 400ನ್ನು 27 ಗಂಟೆಯಲ್ಲಿ, 600ನ್ನು 40 ಗಂಟೆಯಲ್ಲಿ ಮುಗಿಸಬೇಕು. ಅದು ರೇಸ್ ಅಲ್ಲ, ಯಾರು ಮೊದಲು ಬಂದರು ಎಂದು ಯಾರೂ ಕೇಳುವುದಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಏರು. ಬಂದ್ಯೋಡಿನಿಂದ ಪೆರ್ಮುದೆ, ಧರ್ಮತ್ತಡ್ಕ ದಾಟಿ ಪೊಸಡಿಗುಂಪೆಗೆ ಹೋಗುವ ದಾರಿ ನಮ್ಮ ಕಡೆಯ ಸೈಕಲ್‌ನವರಿಗೆಲ್ಲ ಗೊತ್ತು. ಗುಡ್ಡ ಸಾವಿರ ಅಡಿಗಿಂತ ಸ್ವಲ್ಪ ಎತ್ತರ, ಅಷ್ಟೇ. ಆದರೆ ಸಮುದ್ರದ ಮಟ್ಟದಿಂದಲೇ ಹೊರಟು ಹೋಗುವುದರಿಂದ ಕಾಲಿಗೆ ಅದು ಸಣ್ಣದೆನಿಸುವುದಿಲ್ಲ. ಮೇಲೆ ನಿಂತರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ಸಾಲು. ಆ ಏರನ್ನು ಗಡಿಯಾರ ನೋಡಿಕೊಂಡು ಹತ್ತುವುದು ನನ್ನ ದೊಡ್ಡ ಸಂತೋಷವಾಗಿತ್ತು. ನೋವು ಮೊದಲು ಗೊತ್ತಾದದ್ದೂ ಅಲ್ಲಿಯೇ.

ಕಾರಣ ಸಿಗಲು ತುಂಬಾ ಸಮಯ ಹಿಡಿಯಿತು. ಮೊದಲು ನೋಡಿದ ಡಾಕ್ಟ್ರು ಸಯಾಟಿಕಾ, ಅಂದರೆ ಬೆನ್ನಿನಿಂದ ಕಾಲಿಗೆ ಇಳಿಯುವ ನರದ ನೋವು, ಎಂದರು. ಬೆನ್ನಿನ ಎಂಆರ್‌ಐ ಆಯಿತು. ಡಿಸ್ಕ್ ಒಂಚೂರು ಉಬ್ಬಿದೆ ಎಂದು ಬಂತು. ನನ್ನ ವಯಸ್ಸಿನ ಎಷ್ಟೋ ಜನರ ಬೆನ್ನಲ್ಲಿ ನೋವೇ ಇಲ್ಲದಿದ್ದರೂ ಅದು ಕಾಣುತ್ತದೆ ಎಂದು ಆಮೇಲೆ ಗೊತ್ತಾಯಿತು. ವ್ಯಾಯಾಮ ಮಾಡಿದೆ, ಎಣ್ಣೆ ಹಾಕಿ ತಿಕ್ಕಿಸಿಕೊಂಡೆ, ಕಷಾಯ ಕುಡಿದೆ. ಪಾದದ ನಾಡಿ ಮುಟ್ಟಿ ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಮಲಗಿದ್ದಾಗ ಅದು ನಿಜಕ್ಕೂ ಚೆನ್ನಾಗಿಯೇ ಇತ್ತು. ಎಲ್ಲರ ಕೊನೆಯ ಮಾತೂ ಒಂದೇ: ಸೈಕಲ್ ಬಿಟ್ಟುಬಿಡಿ.

ಆ ಮಾತು ನನ್ನನ್ನು ಬಹಳ ನೋಯಿಸಿತು. ಏನಾಗಿದೆ ಎಂದು ತಿಳಿಯುವ ಮೊದಲೇ ಬಿಡು ಎಂದರೆ ಅದು ಚಿಕಿತ್ಸೆ ಅಲ್ಲ, ಅಲ್ವಾ? ಕಾರಣ ಗೊತ್ತಾಗಲಿ, ಆಮೇಲೆ ಬಿಡುವುದೋ ಇರಿಸಿಕೊಳ್ಳುವುದೋ ನಾನು ನೋಡಿಕೊಳ್ಳುತ್ತೇನೆ ಎಂಬ ಹಟ ಬಂತು.

ದಾರಿ ತೋರಿಸಿದವರು ಮಂಗಳೂರಿನ ಒಬ್ಬ ಫಿಸಿಯೋಥೆರಪಿಸ್ಟ್. ಅವರೂ ಸೈಕಲ್ ತುಳಿಯುವವರು. ಅವರು ನನ್ನ ಬೆನ್ನನ್ನು ಮುಟ್ಟಲೇ ಇಲ್ಲ. ಸುಮ್ನೆ ಪ್ರಶ್ನೆ ಕೇಳಿದರು. ನಿಂತ ಮೇಲೆ ಎಷ್ಟು ಹೊತ್ತಿಗೆ ಹೋಗುತ್ತದೆ? ಹ್ಯಾಂಡಲಿನ ಕೆಳಭಾಗ ಹಿಡಿದು ಬಗ್ಗಿದಾಗ ಜಾಸ್ತಿ ಆಗುತ್ತದಾ? ಎದ್ದು ನಿಂತು ತುಳಿದರೆ ಕಡಿಮೆಯಾ? ಯಾವ ಕಾಲು? ಎಡಗಾಲು ಎಂದ ಕೂಡಲೇ ತಲೆಯಾಡಿಸಿ, "ಇದು ನರದ್ದಲ್ಲ ಟೀಚರೇ, ರಕ್ತದ್ದು ಇರಬಹುದು. ನರದ ನೋವು ಇಷ್ಟು ಶಿಸ್ತಿನಿಂದ ಬಂದು ಹೋಗುವುದಿಲ್ಲ" ಎಂದರು.

ಅವರು ವಿವರಿಸಿದ್ದನ್ನು, ಆಮೇಲೆ ಸರ್ಜನ್ ಚಿತ್ರ ಬರೆದು ತೋರಿಸಿದ್ದನ್ನು ಸೇರಿಸಿ ಹೇಳುತ್ತೇನೆ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಕೆಳಗೆ ಬಂದು ಎರಡಾಗಿ ಒಡೆಯುತ್ತದೆ. ಪ್ರತಿಯೊಂದರಿಂದಲೂ ಒಂದು ಕವಲು ಸೊಂಟದ ಮುಂಭಾಗದಿಂದ ತೊಡೆಸಂದನ್ನು ದಾಟಿ ಕಾಲಿಗೆ ಇಳಿಯುತ್ತದೆ. ಅದರ ಹೆಸರು ಎಕ್ಸ್‌ಟರ್ನಲ್ ಇಲಿಯಾಕ್ ಆರ್ಟರಿ. ಅದರ ಹಿಂದೆ ತೊಡೆಯನ್ನು ಮೇಲೆತ್ತುವ ಸೋಯಾಸ್ ಸ್ನಾಯು ಇದೆ. ಸೈಕಲಿನಲ್ಲಿ ಬಗ್ಗಿ ಕೂತು ತುಳಿಯುವಾಗ ಪ್ರತಿ ಸುತ್ತಿಗೂ ಆ ನಾಳ ಮಡಚಿ ಬಿಚ್ಚುತ್ತದೆ. ಕೆಲವರಲ್ಲಿ ಸ್ನಾಯುವಿಗೆ ಹೋಗುವ ಒಂದು ಸಣ್ಣ ಕವಲು ನಾಳವನ್ನು ಹಿಡಿದಿಟ್ಟಿರುತ್ತದೆ. ಆಗ ಮಡಿಕೆ ಯಾವಾಗಲೂ ಒಂದೇ ಜಾಗದಲ್ಲಿ ಬೀಳುತ್ತದೆ. ತೋಟದ ಸ್ಪ್ರಿಂಕ್ಲರ್ ಪೈಪು ಒಂದೇ ಕಡೆ ಮಡಚಿ ಮಡಚಿ ಬೆಳ್ಳಗಾಗುತ್ತದಲ್ಲ, ಹಾಗೆ. ಜೊತೆಗೆ ಜೋರಾಗಿ ತುಳಿಯುವಾಗ ರಕ್ತ ರಭಸದಿಂದ ಅಲ್ಲಿಯೇ ಬಡಿಯುತ್ತದೆ. ವರ್ಷಗಟ್ಟಲೆ ಹೀಗಾದಾಗ ನಾಳದ ಒಳಪದರ ನಾರುಗಟ್ಟಿ ದಪ್ಪವಾಗುತ್ತದೆ. ಇದು ಕೊಲೆಸ್ಟರಾಲ್ ಕಟ್ಟಿಕೊಳ್ಳುವ ಕಾಯಿಲೆ ಅಲ್ಲ. ಬೀಡಿ ಸಿಗರೇಟು ಮುಟ್ಟದವರಿಗೆ, ಸಕ್ಕರೆ ಕಾಯಿಲೆ ಇಲ್ಲದವರಿಗೆ ಬರುತ್ತದೆ. ಎಂಡೋಫೈಬ್ರೋಸಿಸ್ ಎನ್ನುತ್ತಾರೆ. 1980ರ ದಶಕದಲ್ಲಿ ಫ್ರಾನ್ಸಿನ ಲಿಯೋನ್ ನಗರದ ವೈದ್ಯರು ಸೈಕಲ್ ರೇಸಿನವರಲ್ಲಿ ಇದನ್ನು ಗುರುತಿಸಿ ಬರೆದರು.

ಮನೆಗೆ ಬಂದು ಲೆಕ್ಕ ಹಾಕಿದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 5,400 ಮಡಿಕೆ. ಒಂದು 200ರ ಬ್ರೆವೆಯಲ್ಲಿ ಒಂಬತ್ತು ಗಂಟೆ ತುಳಿದರೂ ಐವತ್ತು ಸಾವಿರದ ಹತ್ತಿರ ಬರುತ್ತದೆ. ನಾನು ತುಳಿಯುತ್ತಾ ಬಂದದ್ದು ಎರಡು ದಶಕ.

ಇನ್ನು ಪರೀಕ್ಷೆ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿಯೇ. ಕೈಯ ಬಿಪಿ ನೋಡುವ ಹಾಗೆ ಪಾದದ ಗಂಟಿನ ಬಿಪಿಯನ್ನೂ ನೋಡಬಹುದು. ಗಂಟಿನದ್ದನ್ನು ಕೈಯದ್ದರಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಆರೋಗ್ಯವಂತರಲ್ಲಿ ಅದು ಒಂದು ಅಥವಾ ಅದಕ್ಕಿಂತ ಸ್ವಲ್ಪ ಮೇಲೆ. 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳದಲ್ಲಿ ತಡೆ ಇದೆ ಎಂದು ಅರ್ಥ. ನಾನು ಮಲಗಿದ್ದಾಗ ಬಲಕ್ಕೆ 1.10, ಎಡಕ್ಕೆ 1.08 ಬಂತು. ಏನೂ ತೊಂದರೆ ಇಲ್ಲ! ಹಿಂದೆ ಒಂದು ಕಡೆ ಇಷ್ಟನ್ನೇ ನೋಡಿ ನನ್ನನ್ನು ಮನೆಗೆ ಕಳಿಸಿದ್ದರು. ಇನ್ನೊಂದು ಕಡೆ ಟ್ರೆಡ್‌ಮಿಲ್ ಮೇಲೆ ನಡೆಸಿದ್ದರು. ನಡೆದರೆ ನೋವೇ ಬರದ ಕಾಲನ್ನು ನಡೆಸಿ ನೋಡಿ ಏನು ಗೊತ್ತಾಗಬೇಕು?

ಆ ಫಿಸಿಯೋಥೆರಪಿಸ್ಟ್ ಹೇಳಿದ ಪ್ರಕಾರ ನನ್ನದೇ ಸೈಕಲ್, ನನ್ನದೇ ಶೂ, ನನ್ನ ಟ್ರೈನರ್ ಎಲ್ಲವನ್ನೂ ಜೀಪಿಗೆ ಹಾಕಿ ಮಂಗಳೂರಿಗೆ ಒಯ್ದೆವು. ಸ್ಕ್ಯಾನ್ ಕೋಣೆಯ ಹೊರಗಿನ ಪ್ಯಾಸೇಜಿನಲ್ಲಿ ಟ್ರೈನರ್ ಇಟ್ಟು, ಹ್ಯಾಂಡಲಿನ ಕೆಳಭಾಗ ಹಿಡಿದು ಬಗ್ಗಿ, ನೋವು ಬಂದ ಮೇಲೂ ನಿಲ್ಲಿಸದೆ ತುಳಿದೆ. ಇನ್ನು ಆಗುವುದಿಲ್ಲ ಎಂಬಲ್ಲಿಗೆ ಬಂದಾಗ ಇಬ್ಬರು ಹಿಡಿದು ಮಂಚದ ಮೇಲೆ ಮಲಗಿಸಿದರು. ಒಬ್ಬರು ಕೈಗೆ, ಇಬ್ಬರು ಎರಡು ಪಾದಕ್ಕೆ. ಎಲ್ಲವೂ ಮೊದಲ ಒಂದು ನಿಮಿಷದೊಳಗೆ ಆಗಬೇಕು, ತಡವಾದರೆ ಸಂಖ್ಯೆ ವಾಪಸ್ ಏರಿಬಿಡುತ್ತದೆ. ನಮ್ಮವರು ಮೊಬೈಲಿನಲ್ಲಿ ಸಮಯ ನೋಡಿ ಜೋರಾಗಿ ಹೇಳುತ್ತಿದ್ದರು. ಬಲಗಾಲಿಗೆ 0.84 ಬಂತು. ಪೂರ್ತಿ ಬಲ ಹಾಕಿ ತುಳಿದ ಮೇಲೆ ಆರೋಗ್ಯವಂತರಲ್ಲೂ ಸ್ವಲ್ಪ ಇಳಿಯುತ್ತದೆ. 0.66ಕ್ಕಿಂತ ಕೆಳಗೆ ಹೋದರೆ ಸಂಶಯ ಬಲವಾಗುತ್ತದೆ. ನನ್ನ ಎಡಗಾಲಿನದ್ದು 0.48.

ಮಂಚದ ಮೇಲೆ ಏದುಸಿರು ಬಿಡುತ್ತಲೇ ಅತ್ತುಬಿಟ್ಟೆ. ಹೆದರಿ ಅಲ್ಲ. ನೋವು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ ಎಂದು ಒಂದು ಭಾಗಾಕಾರ ಹೇಳಿತ್ತು.

ಆಮೇಲೆ ನಾಳದಲ್ಲಿ ರಕ್ತ ಹರಿಯುವ ವೇಗ ನೋಡುವ ಡಾಪ್ಲರ್ ಸ್ಕ್ಯಾನ್ ಆಯಿತು. ಕಾಲು ಚಾಚಿಕೊಂಡು ಒಮ್ಮೆ, ಮೊಣಕಾಲನ್ನು ಎದೆಯ ಕಡೆ ಮಡಚಿಕೊಂಡು ಇನ್ನೊಮ್ಮೆ. ಮಡಚಿದಾಗ ರಕ್ತದ ವೇಗ ಆ ಒಂದು ಜಾಗದಲ್ಲಿ ಏಕ್‌ದಂ ಏರಿತು, ಅಂದರೆ ಅಲ್ಲಿ ದಾರಿ ಕಿರಿದು. ಸಿಟಿ ಆಂಜಿಯೋದಲ್ಲಿ ಎಡ ನಾಳದ ಒಳಪದರ ಎರಡು ಇಂಚಿನಷ್ಟು ಉದ್ದಕ್ಕೆ ದಪ್ಪವಾಗಿದ್ದು, ನಾಳ ಸ್ವಲ್ಪ ಉದ್ದವಾಗಿ ಬಳುಕಿದ್ದು ಕಂಡಿತು. ಪೂರ್ತಿ ಮುಚ್ಚಿರಲಿಲ್ಲ. ಬಲಗಾಲು ಚೆನ್ನಾಗಿತ್ತು.

ಹೆಸರು ಸಿಕ್ಕಿತು. ಇನ್ನೇನು ಮಾಡುವುದು?

ಮೊದಲು ನೋಡಿದ ತಜ್ಞರು ಸ್ಟೆಂಟ್ ಎಂದರು. ತೊಡೆಯಲ್ಲಿ ಒಂದು ಸಣ್ಣ ರಂಧ್ರ, ಎರಡು ದಿನದಲ್ಲಿ ಮನೆಗೆ. ಕೇಳಲು ತುಂಬಾ ಸುಲಭ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ನಮ್ಮ ಊರಲ್ಲಿ ಬೇಕಾದಷ್ಟಿದ್ದಾರೆ. ಹಾಗಾಗಿ ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ಒಪ್ಪದವರು ಆ ಫಿಸಿಯೋಥೆರಪಿಸ್ಟ್ ಒಬ್ಬರೇ. ಸೈಕಲ್ ತುಳಿಯುವವರ ಈ ನಾಳವನ್ನು ಎಷ್ಟೋ ಆಪರೇಶನ್ ಮಾಡಿದ ಒಬ್ಬರನ್ನು ಕೇಳದೆ ಹೂಂ ಅನ್ನಬೇಡಿ ಎಂದು ಬೇಡಿಕೊಂಡರು.

ನಮ್ಮಲ್ಲಿ ದೊಡ್ಡ ಕಾಯಿಲೆ ಎಂದರೆ ಎಲ್ಲರೂ ಉತ್ತರಕ್ಕೆ, ಮಂಗಳೂರಿಗೆ. ನಾನು ಈ ಸಲ ರಿಪೋರ್ಟುಗಳ ಚೀಲ ಹಿಡಿದು ದಕ್ಷಿಣಕ್ಕೆ ಹೊರಟೆ. 2023ರಿಂದ ಕಾಸರಗೋಡಿನಿಂದಲೇ ವಂದೇ ಭಾರತ್ ರೈಲು ಹೊರಡುತ್ತದೆ, ಕೊಚ್ಚಿ ಈಗ ಮೊದಲಿನಷ್ಟು ದೂರ ಅಲ್ಲ. ಅಲ್ಲಿಯ ವ್ಯಾಸ್ಕುಲರ್ ಸರ್ಜನ್ (ರಕ್ತನಾಳಗಳ ಆಪರೇಶನ್ ಮಾಡುವವರು) ಒಬ್ಬರು ವಯಸ್ಸಾದವರು. ಮಲಯಾಳದಲ್ಲಿ ಮಾತಾಡಿದೆವು. ಸ್ಟೆಂಟಿನ ಮಾತು ಎತ್ತಿದ ಕೂಡಲೇ ಅವರು ಬೇಡ ಎಂದರು. ಮಡಚುವ ಜಾಗದಲ್ಲಿ ಲೋಹದ ಬಲೆ ಇಟ್ಟು ಗಂಟೆಗೆ ಐದು ಸಾವಿರ ಸಲ ಮಡಚಿದರೆ ಅದು ಮುರಿಯಬಹುದು, ಜರುಗಬಹುದು, ಒಳಗೆ ರಕ್ತ ಹೆಪ್ಪುಗಟ್ಟಬಹುದು. ಬಲೂನಿನಿಂದ ಹಿಗ್ಗಿಸಿದರೂ ನಾರಿನ ಪದರ ಹಿಗ್ಗಿ ನಿಲ್ಲುವುದಿಲ್ಲ. ಮತ್ತೆ ಸೈಕಲ್ ತುಳಿಯಬೇಕೆಂದಿರುವವರಿಗೆ ಇಲ್ಲಿ ಸ್ಟೆಂಟ್ ಹಾಕುವುದನ್ನು ಈ ಕಾಯಿಲೆ ಬಲ್ಲವರು ಒಪ್ಪುವುದಿಲ್ಲ. ಇದನ್ನು ಓದುವವರು ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ಅವರ ಪ್ರಕಾರ ದಾರಿ ಎರಡು. ಒಂದು, ಹೊಟ್ಟೆಯ ಕೆಳಗೆ ಓರೆಯಾಗಿ ಕೊಯ್ದು, ಕರುಳಿನ ಚೀಲವನ್ನು ಪಕ್ಕಕ್ಕೆ ಸರಿಸಿ, ನಾಳವನ್ನು ತೆರೆದು, ದಪ್ಪವಾದ ಒಳಪದರವನ್ನು ಬಿಡಿಸಿ ತೆಗೆಯುವುದು. ಹಿಡಿದಿಟ್ಟಿರುವ ಕವಲನ್ನು ಕಟ್ಟಿ ಕತ್ತರಿಸುವುದು. ನಾಳ ಉದ್ದವಾಗಿದ್ದರೆ ಒಂದು ತುಂಡು ತೆಗೆದು ಕೂಡಿಸುವುದು. ತೆರೆದ ಜಾಗಕ್ಕೆ ಕಾಲಿನಿಂದಲೇ ತೆಗೆದ ರಕ್ತನಾಳದ ತೇಪೆ. ಕೆಲವು ವಾರ ಸೈಕಲ್ ಮುಟ್ಟುವಂತಿಲ್ಲ, ಮೊದಲಿನ ಬಲ ಬರಲು ತಿಂಗಳುಗಳು ಬೇಕು. ಆಸ್ಪಿರಿನ್ ಮಾತ್ರೆ, ಮತ್ತೆ ಮತ್ತೆ ಸ್ಕ್ಯಾನ್. ಹೆಚ್ಚಿನವರು ಚೆನ್ನಾಗಿ ವಾಪಸ್ ಬರುತ್ತಾರೆ. ಆದರೆ ರಕ್ತಸ್ರಾವ, ಸೋಂಕು, ತೇಪೆ ಮುಂದೆ ಉಬ್ಬುವುದು, ಸರಿಪಡಿಸಿದ ನಾಳ ಏಕಾಏಕಿ ಮುಚ್ಚುವುದು ಇವೆಲ್ಲ ಆಗಿವೆ. ಕೆಲವರಿಗೆ ವರ್ಷಗಳ ಮೇಲೆ ಕಾಯಿಲೆ ತಿರುಗಿ ಬಂದಿದೆ.

ಇನ್ನೊಂದು ದಾರಿ, ಸೈಕಲ್ ಮೇಲೆ ಕೂರುವ ರೀತಿ ಬದಲಿಸಿ, ಜೋರು ಕಡಿಮೆ ಮಾಡಿ, ವರ್ಷ ವರ್ಷ ನೋಡುತ್ತಾ ಇರುವುದು.

"ನಿಮ್ಮ ಮಗಳಾಗಿದ್ದರೆ ಏನು ಮಾಡುತ್ತಿದ್ದಿರಿ ಡಾಕ್ಟ್ರೇ?" ಎಂದು ಕೇಳಿದೆ.

"ಮಗಳು ಸೈಕಲಿನಿಂದ ಅನ್ನ ಸಂಪಾದಿಸುವವಳಾಗಿದ್ದರೆ ನಾಳೆಯೇ ಟೇಬಲ್ ಮೇಲೆ ಮಲಗಿಸುತ್ತಿದ್ದೆ" ಎಂದರು. "ಆಪರೇಶನ್ ಮಾಡದಿದ್ದರೆ ಕಾಲು ಹೋಗುತ್ತದೆ ಎಂದು ನಿಮ್ಮನ್ನು ನಾನು ಹೆದರಿಸುವುದಿಲ್ಲ ಟೀಚರೇ. ನಡೆಯಲು, ಪಾಠ ಮಾಡಲು ನಿಮ್ಮ ಕಾಲಿಗೆ ಬೇಕಾದ ರಕ್ತ ಸಿಗುತ್ತಿದೆ. ಅಪರೂಪಕ್ಕೆ ಇಂಥ ನಾಳದ ಗೋಡೆ ಸೀಳಿದ್ದು, ಹೆಪ್ಪುಗಟ್ಟಿ ಮುಚ್ಚಿದ್ದು ಇದೆ. ಹಾಗಾಗಿ ನೋವಿನೊಂದಿಗೆ ಜಗಳವಾಡಿ ತುಳಿಯಬಾರದು. ಅದರಾಚೆಗೆ, ನಿಮಗೆ ಎಷ್ಟು ಜೋರು ಬೇಕು ಎಂಬುದನ್ನು ನೀವೇ ಹೇಳಬೇಕು."

ವಾಪಸ್ ಬರುವಾಗ ರೈಲಿನಲ್ಲಿ ಅದೇ ಯೋಚನೆ. ನನಗೆ ಎಷ್ಟು ಜೋರು ಬೇಕು?

ದೊಡ್ಡ ದೊಡ್ಡ ರೇಸಿನವರ ಕಥೆಗಳನ್ನು ಹುಡುಕಿ ಓದಿದೆ. ಆಸ್ಟ್ರೇಲಿಯಾದ ಸ್ಟುವರ್ಟ್ ಒ'ಗ್ರೇಡಿ 2002ರಲ್ಲಿ ಇದೇ ನಾಳದ ಆಪರೇಶನ್ ಮಾಡಿಸಿಕೊಂಡು 2007ರಲ್ಲಿ ಪ್ಯಾರಿಸ್-ರೂಬೆ ರೇಸ್ ಗೆದ್ದರು. ಫ್ರಾನ್ಸಿನ ಪೌಲೀನ್ ಫೆರಾಂ-ಪ್ರೆವೊ 2019ರ ಆರಂಭದಲ್ಲಿ ಆಪರೇಶನ್ ಮಾಡಿಸಿಕೊಂಡು ಅದೇ ವರ್ಷ ಮೌಂಟನ್ ಬೈಕಿನಲ್ಲಿ ವಿಶ್ವ ಚಾಂಪಿಯನ್ ಆದರು. ಆಮೇಲೆ ಮತ್ತೊಮ್ಮೆ ಆಪರೇಶನ್ ಬೇಕಾಯಿತು. ಅದರ ನಂತರ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಚಿನ್ನ, 2025ರಲ್ಲಿ ಮಹಿಳೆಯರ ಟೂರ್ ಡಿ ಫ್ರಾನ್ಸ್. ನೆದರ್ಲೆಂಡ್ಸಿನ ಮರಿಯಾನ್ ವೋಸ್ ಕೂಡ ಇದೇ ಆಪರೇಶನ್ ಆಗಿ ಬಂದು 2024ರಲ್ಲಿ ಆಮ್ಸ್ಟೆಲ್ ಗೋಲ್ಡ್ ರೇಸ್ ಗೆದ್ದರು. ಇವನ್ನು ಓದಿದ ರಾತ್ರಿ ಆಪರೇಶನ್ ಮಾಡಿಸಿಕೊಳ್ಳುವುದೇ ಎಂದು ನಿಶ್ಚಯ ಮಾಡಿಬಿಟ್ಟಿದ್ದೆ. ಮರುದಿನ ಇಟಲಿಯ ಫಾಬಿಯೊ ಆರು ಅವರ ಬಗ್ಗೆ ಓದಿದೆ. 2015ರಲ್ಲಿ ಸ್ಪೇನಿನ ದೊಡ್ಡ ರೇಸ್ ವುಯೆಲ್ಟಾ ಗೆದ್ದ ಮನುಷ್ಯ. 2019ರಲ್ಲಿ ಆಪರೇಶನ್ ಆಯಿತು. ಮೊದಲಿನ ಎತ್ತರಕ್ಕೆ ಮತ್ತೆ ಏರಲಿಲ್ಲ, 2021ರಲ್ಲಿ ನಿವೃತ್ತಿ. ಅದಕ್ಕೆ ಕಾಲೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಗೆದ್ದವರ ಹೆಸರು ಮಾತ್ರ ನಮ್ಮ ಕಿವಿಗೆ ಬೀಳುತ್ತದೆ, ಅದನ್ನು ನೆನಪಿಟ್ಟುಕೊಳ್ಳಬೇಕಿತ್ತು. ಇನ್ನೊಂದು ವಿಷಯ, ಅವರ ಹಿಂದೆ ತಂಡ ಇದೆ, ಡಾಕ್ಟ್ರುಗಳಿದ್ದಾರೆ. ತುಳಿಯುವುದೇ ಅವರ ಕೆಲಸ. ನನ್ನ ಕೆಲಸ ಎಂಟನೇ ಕ್ಲಾಸಿಗೆ ಬೀಜಗಣಿತ.

ಮನೆಯಲ್ಲಿ ಮಾತು ಶುರುವಾಯಿತು. ಹಣದ ಚಿಂತೆ ಅಷ್ಟು ಇರಲಿಲ್ಲ. ಕೇರಳದ ನೌಕರರಿಗೂ ಅನುದಾನಿತ ಶಾಲೆಯವರಿಗೂ 2022ರ ಜುಲೈಯಲ್ಲಿ ಮೆಡಿಸೆಪ್ ವಿಮೆ ಬಂತು. ಶುರುವಾದಾಗ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ. ಪಟ್ಟಿಯಲ್ಲಿರುವ ಆಸ್ಪತ್ರೆ ಆಗಿರಬೇಕು, ಅಷ್ಟೇ. ತಮ್ಮ ಬೆಂಗಳೂರಿನಿಂದ ಫೋನ್ ಮಾಡಿ, "ಅಕ್ಕಾ, ಇನ್ನೂ ವಯಸ್ಸಿರುವಾಗಲೇ ಮಾಡಿಸಿಕೋ, ಐವತ್ತರ ಮೇಲೆ ಕಷ್ಟ" ಎಂದ. ಅದೂ ನಿಜವೇ.

ಆದರೆ ನನ್ನನ್ನು ನಿಲ್ಲಿಸಿ ಯೋಚಿಸುವಂತೆ ಮಾಡಿದ್ದು ಅತ್ತೆಯ ಪ್ರಶ್ನೆ. ಅವರು ಸೈಕಲ್ ಬಿಡು ಎಂದು ಒಂದು ದಿನವೂ ಹೇಳಿದವರಲ್ಲ. "ಆಪರೇಶನ್ ಆಗಿ ಮನೆಗೆ ಬಂದ ಮೇಲೆ ರಾತ್ರಿ ಹೊತ್ತು ಕಾಲು ತಣ್ಣಗಾದರೆ ಯಾರ ಹತ್ತಿರ ಓಡುವುದು?" ಎಂದರು. ಸರಿಪಡಿಸಿದ ನಾಳ ಏಕಾಏಕಿ ಮುಚ್ಚಿದರೆ ಕೆಲವೇ ಗಂಟೆಗಳಲ್ಲಿ ವ್ಯಾಸ್ಕುಲರ್ ಸರ್ಜನ್ ಇರುವ ಆಸ್ಪತ್ರೆ ಮುಟ್ಟಬೇಕು. ಕೊಚ್ಚಿ ಆಗುವುದಿಲ್ಲ, ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಿಗೆ, ಕರ್ನಾಟಕದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸುಗಳನ್ನೂ ತಡೆದ ದಿನಗಳನ್ನು ನಮ್ಮ ಕಡೆಯವರು ಮರೆತಿಲ್ಲ. ಮಂಗಳೂರು ಮುಟ್ಟಲಾಗದೆ ಕೆಲವರು ಜೀವ ಬಿಟ್ಟರು. ಅಂಥ ದಿನ ಮತ್ತೆ ಬಾರದಿರಲಿ. ಆದರೆ ರಾಜ್ಯದ ಅಂಚಿನಲ್ಲಿ ಇರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ನಗರದವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಕೊನೆಗೆ ಸರ್ಜನ್ ಹತ್ತಿರ ಫೋನಿನಲ್ಲಿ ಮಾತಾಡಿ ಒಂದು ಮಳೆಗಾಲದ ಗಡುವು ಹಾಕಿಕೊಂಡೆ. ಅಷ್ಟರಲ್ಲಿ ಸೈಕಲನ್ನು ಬದಲಿಸಿ ನೋಡುವುದು, ಆಮೇಲೆ ಅದೇ ಪರೀಕ್ಷೆ ಇನ್ನೊಮ್ಮೆ.

ಹ್ಯಾಂಡಲ್ ಎತ್ತರಿಸಿದೆವು. ಸೀಟನ್ನು ಒಂಚೂರು ಮುಂದಕ್ಕೆ ತಂದೆವು. 172.5 ಮಿಲಿಮೀಟರಿನ ಕ್ರ್ಯಾಂಕ್ (ಪೆಡಲ್ ಸಿಕ್ಕಿಸಿರುವ ತೋಳು) ತೆಗೆದು 165ರದ್ದು ಹಾಕಿದೆವು. ಕ್ರ್ಯಾಂಕ್ ಗಿಡ್ಡವಾದರೆ ಮೊಣಕಾಲು ಅಷ್ಟು ಮೇಲೆ ಬರುವುದಿಲ್ಲ, ಸೊಂಟ ಕಡಿಮೆ ಮಡಚುತ್ತದೆ. ಶೂ ಸಿಕ್ಕಿಸುವ ಪೆಡಲ್ ತೆಗೆದು ಚಪ್ಪಟೆ ಪೆಡಲ್ ಹಾಕಿದೆ. ಕಾಲನ್ನು ಮೇಲಕ್ಕೆ ಎಳೆಯುವ ಅಭ್ಯಾಸವೇ ಸೋಯಾಸ್ ಸ್ನಾಯುವಿಗೆ ದೊಡ್ಡ ಕೆಲಸ. ಹ್ಯಾಂಡಲಿನ ಕೆಳಭಾಗ ಹಿಡಿಯುವುದನ್ನು ನಿಲ್ಲಿಸಿದೆ. ತೊಡೆ ಬಿಗಿಯಲು ಶುರುವಾದ ಕೂಡಲೇ ಗೇರ್ ಇಳಿಸುವುದು. ಈ ಕೊನೆಯದ್ದು ಎಲ್ಲಕ್ಕಿಂತ ಕಷ್ಟವಾಯಿತು. ಹಿಂದಿನಿಂದ ಬಂದವರು ದಾಟಿ ಹೋಗುವಾಗ ಹಲ್ಲು ಕಚ್ಚಿ ಸುಮ್ಮನಿರಬೇಕು.

ಮರುಪರೀಕ್ಷೆಯಲ್ಲಿ ಹೊಸ ಭಂಗಿಯಲ್ಲಿ ಕೂತು ಅಷ್ಟೇ ಬಲ ಹಾಕಿದಾಗ ಎಡಗಾಲಿನ ಸಂಖ್ಯೆ 0.61 ಬಂತು. 0.48ಕ್ಕಿಂತ ಚೆನ್ನ, ಆದರೆ ಸರಿಯಾಗಿದೆ ಎನ್ನುವಂತಿಲ್ಲ. ದಪ್ಪವಾದ ಪದರ ಅಲ್ಲೇ ಇದೆ. ಭಂಗಿ ಬದಲಿಸಿದರೆ ಅದು ಕರಗುವುದಿಲ್ಲ, ಮಡಿಕೆಯಷ್ಟೇ ಕಡಿಮೆಯಾಗುತ್ತದೆ. ನೋವು ಮೊದಲಿಗಿಂತ ತಡವಾಗಿ ಬರುತ್ತದೆ. ಬ್ರೆವೆಯ ವೇಗಕ್ಕೆ ಬರುವುದೇ ಇಲ್ಲ.

ಇದನ್ನೆಲ್ಲ ಎದುರಿಟ್ಟುಕೊಂಡು ನಾನು ಮಾಡಿದ ತೀರ್ಮಾನ: ಈಗ ಆಪರೇಶನ್ ಬೇಡ.

ಯಾಕೆ ಎಂದು ಹೇಳುತ್ತೇನೆ. ನಾನು ಸೈಕಲಿನಲ್ಲಿ ಪ್ರೀತಿಸುವ ಹೆಚ್ಚಿನದೆಲ್ಲ ನೋವು ಶುರುವಾಗುವ ಗೆರೆಯ ಕೆಳಗೇ ಇದೆ. ಮುಂಜಾನೆಯ ರಸ್ತೆ ಇದೆ. ರಾತ್ರಿಯಿಡೀ ಜೊತೆಯವರೊಡನೆ ಮಾತಾಡುತ್ತಾ ಸಾಗುವ 400 ಇದೆ. ಗೆರೆಯ ಮೇಲಿರುವುದು ಒಂದೇ, ಗಡಿಯಾರ ನೋಡಿಕೊಂಡು ಏರು ಹತ್ತುವುದು. ಅದು ನನಗೆ ತುಂಬಾ ದೊಡ್ಡದು. ಅದು ಹೋದದ್ದಕ್ಕೆ ಈಗಲೂ ದುಃಖ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೊಂದಕ್ಕಾಗಿ ಹೊಟ್ಟೆ ಕೊಯ್ಸಿಕೊಂಡು, ಚೆನ್ನಾಗಿ ನಡೆಯುವ ಕಾಲಿನ ನಾಳವನ್ನು ತೆರೆಸಿ, ಹತ್ತಿರದಲ್ಲಿ ಸರ್ಜನ್ ಇಲ್ಲದ ಊರಿನಲ್ಲಿ ಇರಲು ನನ್ನ ಮನಸ್ಸು ಒಪ್ಪಲಿಲ್ಲ.

ಸರ್ಜನ್ ಇದನ್ನು ಒಪ್ಪಿದರು, ಆದರೆ ಗೆರೆ ಎಳೆದು ಕೊಟ್ಟರು. ವರ್ಷಕ್ಕೊಮ್ಮೆ ಡಾಪ್ಲರ್ ಮತ್ತು ತುಳಿದು ನೋಡುವ ಪರೀಕ್ಷೆ. ನಡೆಯುವಾಗ ನೋವು ಬಂದರೆ, ನಿಧಾನಕ್ಕೆ ತುಳಿಯುವಾಗಲೂ ಬಂದರೆ, ಮಲಗಿದಾಗಿನ ಸಂಖ್ಯೆ ಇಳಿದರೆ ಮತ್ತೆ ಆಪರೇಶನ್ ಮಾತು ಎತ್ತುವುದು. ಪಾದ ಏಕಾಏಕಿ ತಣ್ಣಗಾಗಿ ಬಿಳಿಚಿಕೊಂಡರೆ ಯಾರನ್ನೂ ಕೇಳದೆ ನೇರ ಮಂಗಳೂರಿನ ತುರ್ತು ವಿಭಾಗಕ್ಕೆ. ಇದನ್ನು ಕನ್ನಡದಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇವೆ. ಮಕ್ಕಳಿಗೂ ಗೊತ್ತಿದೆ.

ಈಚೆಗೆ ಕುಂಬಳೆ ಕಡೆಯ ಒಬ್ಬ ಹುಡುಗಿಯ ಅಪ್ಪ ನನ್ನನ್ನು ಹುಡುಕಿಕೊಂಡು ಬಂದರು. ಮಗಳು ಕಾಲೇಜಿನಲ್ಲಿದ್ದಾಳೆ, ರಾಜ್ಯ ಮಟ್ಟದಲ್ಲಿ ಓಡಿಸುತ್ತಾಳೆ. ಎಡ ತೊಡೆಯಲ್ಲಿ ಅದೇ ಬಿಗಿತ, ಅದೇ ಎರಡು ನಿಮಿಷದ ಕಥೆ. ಅವಳಿಗೂ ಬೆನ್ನಿನ ಎಂಆರ್‌ಐ ಆಗಿದೆ, ಅವಳಿಗೂ ಬಿಟ್ಟುಬಿಡು ಎಂದಿದ್ದಾರೆ. ನನ್ನ ತೀರ್ಮಾನವನ್ನು ಅವಳ ತಲೆಗೆ ಕಟ್ಟಲು ನಾನು ತಯಾರಿಲ್ಲ. ಅವಳಿಗೆ ಬೇಕಾಗಿರುವುದೆಲ್ಲ ಆ ಗೆರೆಯ ಮೇಲಿದೆ. ಪರೀಕ್ಷೆಯಲ್ಲಿ ನನ್ನಂಥದೇ ಸಂಖ್ಯೆ ಬಂದರೆ ಅವಳು ಕೊಚ್ಚಿಗೆ ಹೋಗಿ ಆಪರೇಶನ್ ಮಾಡಿಸಿಕೊಳ್ಳುವುದೇ ಸರಿ ಎಂದು ನನಗೆ ಅನಿಸುತ್ತದೆ. ಇಂಥ ಎಷ್ಟು ಸೈಕಲ್‌ನವರಿಗೆ ನೀವು ಮಾಡಿದ್ದೀರಿ, ಅವರಲ್ಲಿ ಎಷ್ಟು ಜನ ವಾಪಸ್ ರೇಸಿಗೆ ಇಳಿದರು ಎಂದು ಸರ್ಜನ್ ಹತ್ತಿರ ನೇರವಾಗಿ ಕೇಳಿ ಎಂದು ಅವಳ ಅಪ್ಪನಿಗೆ ಹೇಳಿದ್ದೇನೆ. ನಿಮ್ಮದೇ ಸೈಕಲ್, ನಿಮ್ಮದೇ ಶೂ ತನ್ನಿ, ಟ್ರೆಡ್‌ಮಿಲ್ ಬೇಡ ಎನ್ನಿ ಎಂದೂ ಹೇಳಿದ್ದೇನೆ. ಅವಳ ಪರೀಕ್ಷೆ ಮುಂದಿನ ವಾರ ಮಂಗಳೂರಿನಲ್ಲಿ. ಸೈಕಲ್ ನಮ್ಮ ಜೀಪಿನಲ್ಲಿ ಹೋಗುತ್ತದೆ. ಸಮಯ ನೋಡಿ ಹೇಳಲು ನಮ್ಮವರು ಬರುತ್ತಾರೆ, ನಾನು ಅವಳ ಪಕ್ಕದಲ್ಲಿರುತ್ತೇನೆ.